ತಡಿ, ಅಮ್ಮಂಗೆ ಕೊಡ್ತೀನಿ

ಗೋರ್ವಾ, ವಡೋದರಾ
12 ನವೆಂಬರ್ 2025

ಪ್ರೀತಿಯ ಮಗಳು ಸಂಹಿತಾಗೆ,

ಹೇಗಿದ್ದೀಯ ಪುಟ್ಟಿ? ನೀನು ಅನಿರುದ್ಧನನ್ನೂ ಗಂಡನ ಮನೆಯನ್ನೂ ಬಿಟ್ಟು ನವರಂಗಪುರದ ಫ್ಲ್ಯಾಟಿಗೆ ಬಂದು ಮೂರು ತಿಂಗಳಾಯಿತು. ಅಹಮದಾಬಾದು ಇಲ್ಲಿಂದ ಎರಡು ಗಂಟೆಯ ದಾರಿ. ನಾನು ಬರಲೂ ಇಲ್ಲ, ಒಂದು ಸಾಲು ಬರೆಯಲೂ ಇಲ್ಲ. ತಪ್ಪಾಯಿತು, ಬೈದುಬಿಡು.

ಅಮ್ಮ ಮೈಸೂರಿಗೆ ಹೋಗಿ ಇಪ್ಪತ್ತು ದಿನ. ಶಾರದಾ ಚಿಕ್ಕಮ್ಮನ ಮಂಡಿ ಆಪರೇಷನ್ ಚೆನ್ನಾಗಿ ಆಯಿತಂತೆ. ಇಲ್ಲಿ ನನ್ನದೇ ಅಡುಗೆ. ಸಾರು ಅಂತ ಮಾಡಿದ್ದಕ್ಕೆ ಪಕ್ಕದ ಮನೆಯ ಮಹೇಶ್‌ಭಾಯಿ ಒಂದು ಚಮಚ ಬೆಲ್ಲ ಹಾಕಿಕೊಂಡು, ಈಗ ನಮ್ಮ ಗುಜರಾತಿ ದಾಳ್ ಆಯಿತು ಅಂದರು.

ಎರಡು ವಾರದ ಹಿಂದೆ ನೀನು ಫೋನ್ ಮಾಡಿದಾಗ ನಾನು ಎಂದಿನ ಹಾಗೆ "ತಡಿ, ಅಮ್ಮಂಗೆ ಕೊಡ್ತೀನಿ" ಅಂತ ಎದ್ದೇಬಿಟ್ಟೆ. "ಅಪ್ಪಾ, ಅಮ್ಮ ಮೈಸೂರಲ್ಲಿದಾಳೆ" ಅಂದೆ ನೀನು. ಅಷ್ಟರಲ್ಲಿ ನಾನು ಅಡುಗೆಮನೆ ಬಾಗಿಲಿಗೆ ಹೋಗಿ ಫೋನು ಚಾಚಿಕೊಂಡು ನಿಂತಿದ್ದೆ. ಊಟ ಆಯ್ತಾ ಅಂತ ನಾನು ಕೇಳಿದೆ, ಆಯ್ತು ಅಂದೆ ನೀನು. ಅಷ್ಟಕ್ಕೇ ಮಾತು ಮುಗಿಯಿತು. ನೀನು ಫೋನ್ ಇಟ್ಟ ಮೇಲೆ ನನಗೆ ತುಂಬಾ ನಾಚಿಕೆಯಾಯಿತು.

ಅವತ್ತಿನಿಂದ ಹೇಳುವುದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡು ದಿನಾ ಸಂಜೆ ನಾನೇ ನಿನಗೆ ಫೋನ್ ಮಾಡುತ್ತಿದ್ದೇನೆ. ಮೊದಲ ದಿನ ಚೀಟಿ ಬೇಗ ಮುಗಿದುಹೋಯಿತು. ನಿನ್ನೆ ಅದನ್ನು ತೆಗೆಯಲೇ ಇಲ್ಲ. ಗೀಜರ್ ಕೆಟ್ಟ ಕಥೆ ನೀನು ಹೇಳಿದೆ, ನಾನು ಕೇಳಿದೆ. ಒಂದು ಬುದ್ಧಿಮಾತೂ ಹೇಳಲಿಲ್ಲ, ಗಮನಿಸಿದೆಯಾ?

ಈ ಭಾನುವಾರ ಬೆಳಗಿನ ಗಾಡಿಗೆ ಬರಬೇಕು ಅಂತಿದ್ದೇನೆ. ನೀನು ಮಾತಾಡಿದರೆ ಕೇಳುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಕೂತಿರುತ್ತೇನೆ. ಆದರೆ ಫೋನಿನಲ್ಲಿ ಬಾಯಿಗೆ ಬಾರದ್ದೊಂದನ್ನು ಕೆಳಗೆ ಬರೆದಿದ್ದೇನೆ. ಅದನ್ನು ಓದಿ, ಬರಲೋ ಬೇಡವೋ ನೀನೇ ಹೇಳು.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ರಾಮಚಂದ್ರ

ತಾ.ಕ.: ನಿನ್ನ ಮದುವೆಗೆ ಒಂಬತ್ತು ದಿನ ಇದ್ದಾಗ ನೀನು ಆಫೀಸಿನಿಂದ ಫೋನ್ ಮಾಡಿ, "ಅಪ್ಪಾ, ಅಮ್ಮಂಗೆ ಕೊಡ್ಬೇಡಿ, ನಿಮ್ ಹತ್ರಾನೇ ಮಾತಾಡ್ಬೇಕು" ಅಂದೆ. ನಾನು "ಸುಮಿತ್ರಾ, ನಿನ್ನ ಮಗಳು" ಅಂತ ಕೂಗಿ ಫೋನು ಕೊಟ್ಟುಬಿಟ್ಟೆ. ಅವಳಿಗೆ ನೀನು, ಏನಿಲ್ಲ, ಸುಮ್ಮನೆ ಮಾಡಿದೆ ಅಂದೆಯಂತೆ. ಅಪ್ಪನ ಅಭ್ಯಾಸವೇ ಅದು ಅಂತ ನೀನು ಅಂದುಕೊಂಡಿರಬೇಕು. ಅಲ್ಲ ಮಗಳೇ. ನಿಶ್ಚಿತಾರ್ಥದ ದಿನವೇ ನಿನ್ನ ಬಾಡಿದ ಮುಖ ನೋಡಿದ್ದೆ. ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತಿತ್ತು. ಲಗ್ನಪತ್ರಿಕೆ ಹಂಚಿ ಆಗಿತ್ತು, ಅದಕ್ಕೇ ಕೇಳಿಸಿಕೊಳ್ಳದೆ ಅಮ್ಮಂಗೆ ಕೊಟ್ಟುಬಿಟ್ಟೆ.