ನಿಮ್ಮವರದ್ದಲ್ಲವೆಂದು ಬದಿಗಿಟ್ಟ ಮೂಳೆಗಳು

ಯುದ್ಧದಲ್ಲಿ ಕಾಣೆಯಾದ ಅಮೆರಿಕದ ಯೋಧರನ್ನು ಹುಡುಕುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ವಿಯೆಟ್ನಾಮಿನ ಒಂದು ಗುಡ್ಡದಲ್ಲಿ ನಿಮ್ಮ ತಂಡ ತನ್ನ ವಿಮಾನ ಚಾಲಕನಿಗಾಗಿ ನೆಲ ಅಗೆಯುವಾಗ ಬೇರೆ ಯಾರದೋ ಮೂಳೆಗಳೂ ಸಿಕ್ಕವು. ಇವು ನಮ್ಮವರದ್ದಲ್ಲ ಎಂದು ನೀವು ಅವನ್ನು ಬದಿಗಿಟ್ಟಿರಿ. ಅವು ನನ್ನ ಗೆಳೆಯನ ಸೋದರಮಾವನದ್ದಾಗಿರಬಹುದು. ಹೌದೋ ಅಲ್ಲವೋ ಹೇಳಿ ಎಂದು ಕಳೆದ ವರ್ಷದಿಂದ ಕೇಳುತ್ತಿದ್ದೇವೆ. ನಿಮ್ಮ ಸಂದೇಶ ತಲುಪಿದೆ ಎಂಬ ಯಂತ್ರದ ಉತ್ತರ ಬಿಟ್ಟರೆ ಬೇರೇನೂ ಬಂದಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಈ ಮರ್ಯಾದೆ ಸಿಕ್ಕಿದ ಮೇಲೆ ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವಂತೂ ಓದುವವರಲ್ಲ, ನನ್ನ ಭಾಷೆಯವರಾದರೂ ಓದಲಿ.

ನಾನು ಮಂಗಳೂರು ಕಡೆಯವನು. ದೋಹಾದಲ್ಲಿ ಒಂದು ಕಟ್ಟಡ ಕಂಪನಿಯ ಸ್ಟೋರ್‌ಕೀಪರ್. ನಿಮ್ಮ ಹಳೆಯ ಯುದ್ಧಕ್ಕೂ ಸಿಮೆಂಟು ಚೀಲ ಎಣಿಸುವ ಈ ಮನುಷ್ಯನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಇದೇ ಕತಾರಿನ ನೆಲೆಯಿಂದ ನಿಮ್ಮ ವಿಮಾನಗಳು ಇರಾಕಿನ ಕಡೆ ಹಾರುತ್ತವೆ. ಇರಾಕಿಗೂ ನಿಮಗೂ ಏನು ಸಂಬಂಧ ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ? ಇಬ್ಬರೂ ಸ್ವಲ್ಪ ಸೌಜನ್ಯ ಇಟ್ಟುಕೊಳ್ಳೋಣ.

ನನ್ನ ಗೆಳೆಯನ ಹೆಸರು ತ್ವಾನ್. ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಇಲ್ಲಿಗೆ ಬಂದ ವಿಯೆಟ್ನಾಮಿ ಕೆಲಸಗಾರರಲ್ಲಿ ಒಬ್ಬ. ಅಲ್ ಗರಾಫಾದಲ್ಲಿ ನಾವು ವಿಲ್ಲಾಗಳನ್ನು ಕಟ್ಟುತ್ತಿದ್ದಾಗ ಅವನಿಗೆ ಸಾರಣೆಯ ಮರಳನ್ನು ಜರಡಿ ಹಿಡಿಯುವ ಕೆಲಸ. ಎಲ್ಲರೂ ಎರಡು ಸಲ ಅಲ್ಲಾಡಿಸಿ ಕಲ್ಲನ್ನು ಆಚೆ ಚೆಲ್ಲಿದರೆ, ಇವನು ಜರಡಿಯಲ್ಲಿ ಉಳಿದ ಒಂದೊಂದು ಹರಳನ್ನೂ ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ಆಮೇಲೆ ಬಿಡುತ್ತಿದ್ದ. ನಮ್ಮ ಫೋರ್‌ಮನ್ ಪಾಸ್ಕಲ್, ಅವರೂ ಮಂಗಳೂರಿನವರೇ, ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಕೂಗಿ ಸುಸ್ತಾಗಿ ಕೊನೆಗೆ ನನ್ನ ಹತ್ತಿರ ಬಂದರು.

“ತಾರಾನಾಥರೇ, ಅವನು ಎಂತ ಚಿನ್ನ ಹುಡುಕುವುದಾ? ಮೇಲೆ ಪ್ಲಾಸ್ಟರಿನವರು ಕೈಕಟ್ಟಿ ಕೂತಿದ್ದಾರೆ ಮಾರಾಯ್ರೆ. ನೀವೊಮ್ಮೆ ಕೇಳಿ.”

ಕೇಳಿದೆ. ಅರ್ಧ ಹಿಂದಿ, ಕಾಲು ಅರಬಿ, ಉಳಿದದ್ದು ಕೈಸನ್ನೆ. ತ್ವಾನ್ ನಾಚಿಕೊಂಡು ಹೇಳಿದ್ದು ಇಷ್ಟು: ಅವನಿಗೆ ಜರಡಿ ಹಿಡಿಯಲು ಕಲಿಸಿದವರು ನೀವು. ಅವನ ಊರಿನ ಗುಡ್ಡಕ್ಕೆ ನಿಮ್ಮ ಶೋಧ ತಂಡ ಬಂದಾಗ ಊರವರನ್ನು ದಿನಗೂಲಿಗೆ ತೆಗೆದುಕೊಂಡಿತ್ತು. ಗುಡ್ಡದ ಮಣ್ಣನ್ನೆಲ್ಲ ಜರಡಿಗೆ ಹಾಕಿ, ಹಲ್ಲಿನ ಚೂರು ಸಿಕ್ಕರೂ ಕೈ ಎತ್ತಬೇಕು ಎಂದು ತಾಕೀತು ಮಾಡಿತ್ತು. ಅಂದಿನಿಂದ ಅವನ ಕೈ ಕಲ್ಲನ್ನು ಸುಮ್ಮನೆ ಬಿಸಾಡಲು ಒಪ್ಪುವುದಿಲ್ಲ. ನಿಮ್ಮ ಸೈನಿಕನ ಒಂದು ಹಲ್ಲಿಗಾಗಿ ನೀವು ಗುಡ್ಡವನ್ನೇ ಸೋಸಿದ್ದನ್ನು ಅವನು ಮೆಚ್ಚುಗೆಯಿಂದಲೇ ಹೇಳಿದ. ನಾನೂ ಮೆಚ್ಚುತ್ತೇನೆ, ಇದರಲ್ಲಿ ವ್ಯಂಗ್ಯವಿಲ್ಲ. ಸತ್ತವರನ್ನು ಹೀಗೆ ಹುಡುಕಬೇಕು.

ಆದರೆ ಆ ಗುಡ್ಡದಲ್ಲಿ ಸತ್ತವನು ನಿಮ್ಮ ಚಾಲಕನೊಬ್ಬನೇ ಅಲ್ಲ. ತ್ವಾನನ ಅಜ್ಜಿಯ ಮನೆ ಒಂದು ಹೊಳೆಯ ದಕ್ಷಿಣ ದಡದಲ್ಲಿ, ತವರು ಉತ್ತರ ದಡದಲ್ಲಿ. ಫ್ರೆಂಚರನ್ನು ಓಡಿಸಿದ ಮೇಲೆ ದೊಡ್ಡ ದೇಶಗಳು ಮೇಜಿನ ಸುತ್ತ ಕುಳಿತು ಆ ಹೊಳೆಯನ್ನೇ ಗಡಿ ಮಾಡಿದವು. ಆಚೆ ಕಮ್ಯುನಿಸ್ಟರು, ಈಚೆ ನಿಮ್ಮ ಬೆಂಬಲದ ಸರ್ಕಾರ. ಎರಡು ವರ್ಷದಲ್ಲಿ ಚುನಾವಣೆ ನಡೆದು ದೇಶ ಒಂದಾಗಬೇಕಿತ್ತು. ಕಮ್ಯುನಿಸ್ಟರೇ ಗೆದ್ದುಬಿಡುತ್ತಾರೆ ಎಂಬ ಭಯಕ್ಕೆ ಚುನಾವಣೆಯೇ ನಡೆಯಲಿಲ್ಲ. ಪ್ರಜಾಪ್ರಭುತ್ವ ಉಳಿಸಲು ಮತದಾನವನ್ನೇ ತಪ್ಪಿಸುವ ಈ ಜಾಣತನ ನಮ್ಮ ಊರಿನ ಪಂಚಾಯತಿ ಪುಢಾರಿಗಳಿಗೂ ಹೊಳೆದಿರಲಿಲ್ಲ. ಅಜ್ಜಿಗೆ ಮಾರ್ಕ್ಸ್ ಗೊತ್ತಿರಲಿಲ್ಲ, ನಿಮ್ಮ ಸಂವಿಧಾನವೂ ಗೊತ್ತಿರಲಿಲ್ಲ. ತವರಿಗೆ ಹೋಗುವ ದೋಣಿ ನಿಂತುಹೋಯಿತು ಎಂಬುದು ಮಾತ್ರ ಗೊತ್ತಿತ್ತು. ಅವರ ಒಬ್ಬನೇ ಮಗ, ತ್ವಾನನ ಸೋದರಮಾವ ಖಾಯ್, ಒಂದು ದಿನ ಹೊಳೆ ದಾಟಿ ಹೋದ. ಕಮ್ಯುನಿಸ್ಟರ ವಿಮೋಚನಾ ಪಡೆಯ ಜೊತೆ ತಿರುಗಿ ಬಂದವನು ನಿಮ್ಮ ಸೈನ್ಯ ಬೀಡುಬಿಟ್ಟಿದ್ದ ಆ ಗುಡ್ಡದಲ್ಲಿ ಸತ್ತ ಎಂದು ಜೊತೆಗಿದ್ದವನೊಬ್ಬ ಬಂದು ಹೇಳಿದ. ಹೆಣ ಸಿಗಲಿಲ್ಲ.

ನೀವಷ್ಟೇ ಅಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ಖಾಯ್‌ನ ಕೈಗೆ ಬಂದೂಕು ಕೊಟ್ಟವರು ಇನ್ನೆರಡು ದೊಡ್ಡ ದೇಶಗಳವರು. ಗುಂಡು ಪೂರೈಸಲು ಎಲ್ಲರೂ ಸಾಲುಗಟ್ಟಿ ಬಂದರು. ಮೂಳೆ ಹುಡುಕಲು ಹೊರಗಿನಿಂದ ಅಲ್ಲಿಗೆ ಬಂದವರು ನೀವೊಬ್ಬರೇ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ತ್ವಾನನ ಜರಡಿಯಲ್ಲೇ ಒಂದು ದಿನ ದವಡೆಯ ಮೂಳೆ ಬಂತು. ಪಕ್ಕದಲ್ಲಿ ಟಯರು ಕೊಯ್ದು ಮಾಡಿದ ಚಪ್ಪಲಿಯ ಅಟ್ಟೆ. ಅಂಥ ಚಪ್ಪಲಿ ಹಾಕುತ್ತಿದ್ದವರು ವಿಮೋಚನಾ ಪಡೆಯವರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ನಿಮ್ಮವರು ಅವಸರಪಡಲಿಲ್ಲ. ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿದರು. ತಿಂಗಳುಗಳ ಮೇಲೆ, ನಮ್ಮವನಲ್ಲ ಎಂದು ಉತ್ತರ ಬಂತು. ಮೂಳೆಗಳನ್ನು ಪೆಟ್ಟಿಗೆಯಲ್ಲಿಟ್ಟು ಜಿಲ್ಲೆಯ ಅಧಿಕಾರಿಗಳಿಗೆ ಒಪ್ಪಿಸಿದರು. ಹುತಾತ್ಮರ ಸ್ಮಶಾನದಲ್ಲಿ ಹೆಸರಿಲ್ಲದ ನೂರಾರು ಗೋರಿಗಳಿಗೆ ಇನ್ನೊಂದು ಸೇರಿತು.

ಆಗಲೇ ಯಾಕೆ ಕೇಳಲಿಲ್ಲ ಎಂದೆ. ತ್ವಾನ್ ನನ್ನನ್ನು ಅಣ್ಣ ಎಂದೇ ಕರೆಯುವುದು, ನಮ್ಮವರಿಂದ ಕಲಿತದ್ದು.

“ಅಣ್ಣ, ನಾನು ಅಜ್ಜಿಯ ಮಗಳ ಮಗ. ನಮ್ಮಲ್ಲಿ ಮಗಳ ಮಕ್ಕಳು ಹೊರಗಿನವರು. ಮಾವನ ಮೂಳೆ ಕೇಳಲು ನಾನು ಯಾರು?”

ಮಾನ್ಯರೇ, ನಾವು ತುಳುನಾಡಿನ ಅಳಿಯಸಂತಾನದವರು. ನಮ್ಮಲ್ಲಿ ಅಳಿಯನೆಂದರೆ ಸೋದರಿಯ ಮಗ, ಕುಟುಂಬ ನಡೆಯುವುದು ತಾಯಿಯ ಕಡೆಯಿಂದ. ಆಸ್ತಿಯ ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ಕುಟುಂಬದ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಅಗೆಲು ಬಡಿಸುವಾಗ ನನ್ನ ಸೋದರಮಾವನ ಹೆಸರು ಹೇಳಿ ಕರೆಯುವವನು ಇಂದಿಗೂ ನಾನೇ. ಅವರ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ತ್ವಾನನ ಮಾತು ಕೇಳಿ ನನಗೆ ಸಿಟ್ಟೇ ಬಂತು. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಅವರಿಗೆ ಅರ್ಥವೇ ಆಗಲಿಲ್ಲ.

“ಅಳಿಯ ಹೊರಗಿನವನಾ? ಹಾಗಾದರೆ ಒಳಗಿನವನು ಯಾರು?”

ಪಾಸ್ಕಲ್ ಅವರ ಹೆಂಡತಿ ಬರ್ನಡೆಟ್ ನಮ್ಮ ಬಿನ್ ಮಹಮೂದ್ ಬಡಾವಣೆಯ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿದ್ದಾರೆ. ಒಂದು ಶುಕ್ರವಾರ ಊಟಕ್ಕೆ ಕರೆದಿದ್ದರು, ತ್ವಾನನನ್ನೂ ಕರೆದುಕೊಂಡು ಹೋದೆ. ಹಳೆಯ ಮೂಳೆಯಲ್ಲಿ ಉಳಿಯುವ ಡಿಎನ್ಎ ಗುರುತು ಹೆಚ್ಚಾಗಿ ತಾಯಿಯಿಂದ ಬಂದದ್ದು, ಅದು ಮಗನಿಗೂ ಮಗಳಿಗೂ ಬರುತ್ತದೆ, ಆದರೆ ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ ಎಂದು ಅವರು ಬಡಿಸುತ್ತಲೇ ಬಿಡಿಸಿ ಹೇಳಿದರು. ಖಾಯ್‌ಗೆ ಮಕ್ಕಳಿದ್ದಿದ್ದರೂ ಅವರಲ್ಲಿ ಆ ಗುರುತು ಇರುತ್ತಿರಲಿಲ್ಲ. ಅಜ್ಜಿಯಲ್ಲಿದೆ, ತ್ವಾನನ ತಾಯಿಯಲ್ಲಿದೆ, ತ್ವಾನನಲ್ಲಿದೆ. ನಿಮ್ಮ ವಿಜ್ಞಾನ ಅಳಿಯಸಂತಾನದ್ದು ಮಾನ್ಯರೇ, ಅದು ನಿಮಗೆ ಗೊತ್ತಿರುವಂತಿಲ್ಲ. ನಾನು ಹೆಮ್ಮೆಯಿಂದ ತ್ವಾನನ ಬೆನ್ನು ತಟ್ಟಿ, ನಿನ್ನ ಮಾವನ ವಿಷಯದಲ್ಲಿ ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನಿನಗೆ, ಊರಿಗೂ ಹಾಗೇ ಹೇಳು ಎಂದೆ. ಅವನು ಹೇಳಿದ. ಅಜ್ಜಿ ಅತ್ತರಂತೆ, ಹಿರಿಯರು ತಲೆದೂಗಿದರಂತೆ. ಆ ವಾರವೇ ನಿಮಗೆ ಮೊದಲ ಪತ್ರ ಹೋಯಿತು.

ನಾವು ಕೇಳಿದ್ದು ಹೆಚ್ಚೇನಲ್ಲ. ಇನ್ನೊಂದು ಗುಡ್ಡ ಅಗೆಯಿರಿ ಎನ್ನಲಿಲ್ಲ, ಕ್ಷಮೆ ಕೇಳಿ ಎನ್ನಲಿಲ್ಲ. ಮೂಳೆಯ ಗುರುತನ್ನು ಓದದೆ ಅದು ನಿಮ್ಮವನದ್ದಲ್ಲ ಎಂದು ನಿಮ್ಮ ಪ್ರಯೋಗಾಲಯ ಹೇಗೆ ಹೇಳಿತು? ಓದಿದ್ದು ನಿಮ್ಮಲ್ಲೇ ಇದೆ. ಅದರ ಪಕ್ಕದಲ್ಲಿ ತ್ವಾನನ ಒಂದು ಹನಿ ರಕ್ತವನ್ನು ಇಟ್ಟು ನೋಡಿ ಎಂದೆವು. ನಿಮ್ಮ ದೇಶದ ತಾಯಂದಿರ ರಕ್ತವನ್ನು ನೀವೇ ಕೇಳಿ ಪಡೆಯುತ್ತೀರಂತೆ. ಈ ತಾಯಿಯ ರಕ್ತ ತಾನಾಗಿ ನಿಮ್ಮ ಬಾಗಿಲಿಗೆ ಬಂದು ನಿಂತಿತ್ತು.

ಕಳೆದ ತಿಂಗಳು ಅಜ್ಜಿ ತೀರಿಕೊಂಡರು. ನಮ್ಮ ಕಂಪನಿಯವರು ತ್ವಾನನಿಗೆ ದೇಶ ಬಿಡುವ ಪರವಾನಗಿಗೆ ಸಹಿ ಹಾಕುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ಆಗಿತ್ತು. ಇನ್ನು ಹೋಗಿ ಏನು ಮಾಡಲಿ ಎಂದು ಅವನು ಹೋಗಲಿಲ್ಲ. ಮೂರನೆಯ ದಿನ ಮತ್ತೆ ಜರಡಿ ಹಿಡಿದ. ನನಗೆ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಮೊನ್ನೆ ಊಟದ ಬಿಡುವಿನಲ್ಲಿ ಸ್ಟೋರಿಗೆ ಬಂದು ಸಿಮೆಂಟು ಚೀಲದ ಮೇಲೆ ಕುಳಿತ. ಊರಿನಿಂದ ತಾಯಿ ಫೋನ್ ಮಾಡಿದ್ದರಂತೆ. ಅಜ್ಜಿಯ ಗೋರಿಯ ಬಲಕ್ಕೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟಿದ್ದಾರೆ, ಮಗನಿಗೆಂದು ಅಜ್ಜಿಯೇ ಹೇಳಿ ಹೋದದ್ದು. ಈಗ ಅಜ್ಜಿಯ ಮೈದುನ ಹಾಸಿಗೆ ಹಿಡಿದಿದ್ದಾರೆ, ಊರಲ್ಲಿ ನೆಲಕ್ಕೆ ಬರ. ಆ ಜಾಗವನ್ನು ಇನ್ನೂ ಕಾಯಬೇಕೋ, ಮೈದುನನಿಗೆ ಬಿಟ್ಟುಕೊಡಬೇಕೋ? ಹಿರಿಯರು ಕೂತು ಮಾತಾಡಿ, ಇದನ್ನು ಹೇಳುವ ಹಕ್ಕು ತ್ವಾನನಿಗೇ ಇರುವುದು, ಅವನನ್ನೇ ಕೇಳಿ ಎಂದರಂತೆ.

“ಅಣ್ಣ, ನಾನು ಒಳಗಿನವನು ಅಂತ ನೀನೇ ಹೇಳಿದ್ದು. ಈಗ ಅವರಿಗೆ ಏನು ಹೇಳಲಿ?”

ಮಾತಿಗೆ ಸೋಲದ ಮನುಷ್ಯ ಎಂದು ನನ್ನನ್ನು ಸೈಟಿನವರು ತಮಾಷೆ ಮಾಡುವುದುಂಟು. ಅವನಿಗೆ ನಾನು ಚಹಾ ತರಿಸಿದೆ. ಕುಡಿಯದೆ ಎದ್ದು ಹೋದ.

ನನ್ನ ಬೇಡಿಕೆ ಈಗ ಇನ್ನೂ ಚಿಕ್ಕದಾಗಿದೆ. ಅವರ ಹೊಸ ವರ್ಷ ಜನವರಿಯ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಹಿರಿಯರು ಕಾಯುತ್ತಾರೆ. ಅಷ್ಟರೊಳಗೆ ಆ ಎರಡು ಗುರುತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹೌದಾದರೆ ಹೌದೆನ್ನಿ, ಅವನು ಹೋಗಿ ಮಾವನನ್ನು ತಾಯಿಯ ಪಕ್ಕಕ್ಕೆ ತರುತ್ತಾನೆ. ಅಲ್ಲವಾದರೆ ಅಲ್ಲವೆನ್ನಿ, ಆ ಜಾಗವನ್ನು ಮುದುಕನಿಗೆ ಬಿಟ್ಟುಕೊಡುತ್ತಾನೆ. ನೀವು ಸುಮ್ಮನಿದ್ದರೆ ತನ್ನ ಮಾವನ ಗುಂಡಿಯನ್ನು ಅವನು ತನ್ನದೇ ಬಾಯಿಂದ ಮುಚ್ಚಿಸಬೇಕಾಗುತ್ತದೆ, ಅದು ಸರಿಯೋ ತಪ್ಪೋ ಸಾಯುವವರೆಗೂ ಅವನಿಗೆ ಗೊತ್ತಾಗುವುದಿಲ್ಲ.

ಇಂತಿ,
ಒಬ್ಬ ಅಳಿಯನಿಗೆ ಹಕ್ಕು ಕೊಡಿಸಿ, ಉತ್ತರ ಕೊಡಿಸಲಾಗದೆ ಕುಳಿತಿರುವ ಇನ್ನೊಬ್ಬ ಅಳಿಯ,
ತಾರಾನಾಥ
ಬಿನ್ ಮಹಮೂದ್, ದೋಹಾ
ಅಕ್ಟೋಬರ್ 2008