ದೀಪ ಹಚ್ಚದ ದಿನಗಳು

ಜೂನ್ 11, ಬುಧವಾರ

ಆಸ್ಪತ್ರೆಯ ನೆನಪಿನ ತರಗತಿಯಲ್ಲಿ ಇವತ್ತೂ ಟವೆಲ್ ಆಟ. ಬೀಗ, ಬಾಚಣಿಗೆ, ಸೌಟು, ಸೂಜಿ... ಹತ್ತು ಸಾಮಾನು ತೋರಿಸಿ, ಟವೆಲ್ ಮುಚ್ಚಿ, ಏನೇನಿತ್ತು ಎಂದು ಕೇಳಿದೆ. ಲೋಕಮ್ಮ ಎಂಟು ಹೇಳಿದರು. ಮೊದಲ ವಾರ ಮೂರಕ್ಕೇ ನಿಂತಿದ್ದರು. ನಾನೂ ಮನಸ್ಸಿನಲ್ಲೇ ಹೇಳಿಕೊಂಡೆ — ಏಳು. ಅವರ ಹಾಗೆ ಕಲಿಸುವ ನನಗೂ ಎಚ್‌ಐವಿ ಇದೆ ಎಂದು ಅಲ್ಲಿಗೆ ಬರುವವರಿಗೆಲ್ಲ ಗೊತ್ತು. ಮರೆವೂ ಇದೆ ಎಂದು ಗೊತ್ತಿಲ್ಲ.

ಲೋಕಮ್ಮ ಸೊರಬದ ಕಡೆಯವರು. ಗುರುತಿನವರ ಕಣ್ಣಿಗೆ ಬೀಳಬಾರದೆಂದು ಶಿಕಾರಿಪುರಕ್ಕೆ ಬರುತ್ತಾರೆ. ನಾನು ಇಲ್ಲಿಯವಳು, ನನ್ನ ಮಾತ್ರೆಗೆ ಶಿವಮೊಗ್ಗಕ್ಕೆ ಹೋಗುತ್ತೇನೆ.

ಲೋಕಮ್ಮ ವಿಧವೆ, ಮೈದುನನ ಮನೆಯಲ್ಲಿದ್ದಾರೆ. ಎಚ್‌ಐವಿ ಮಾತ್ರೆಯನ್ನು ಅಲ್ಲಿ ಬಿಪಿ ಮಾತ್ರೆ ಎಂದು ಹೇಳಿದ್ದಾರೆ. ಅಲಾರಂ ಇಟ್ಟರೆ ಮನೆಮಂದಿಯೆಲ್ಲ ಕೇಳುತ್ತಾರೆ. ದಿನವೂ ತಪ್ಪದ ಕೆಲಸವೊಂದಕ್ಕೆ ಮಾತ್ರೆಯನ್ನು ಗಂಟು ಹಾಕಿ ಎಂದೆ. ನಾನು ಮಾಡುವುದೂ ಅದೇ — ಸಂಜೆ ಲಿಂಗಪೂಜೆ, ಆಮೇಲೆ ಮಾತ್ರೆ. ನಿಮಗೆ ದೇವರ ದೀಪ ಆದೀತು ಎಂದೆ. ಕಣ್ಣು ಮುಚ್ಚಿಸಿ ಹೇಳಿಸಿದೆ: ಎಣ್ಣೆ, ಬತ್ತಿ, ಕಡ್ಡಿ, ಮಾತ್ರೆ.

ಜುಲೈ 9

ಲೋಕಮ್ಮ ಒಂದೂ ತಪ್ಪಿಸಿಲ್ಲ. "ಬೆಂಕಿಪೊಟ್ಣ ಮುಟ್ಟಿದ್ರೆ ಸಾಕು ಅಕ್ಕೋರೆ, ಬಾಯಿ ತಾನೇ ತೆರೀತದೆ" ಎಂದರು. ಎಲ್ಲರೂ ನಕ್ಕರು. ರಿಪೋರ್ಟಿನಲ್ಲಿ ಅವರದೇ ಉದಾಹರಣೆ ಕೊಟ್ಟೆ.

ಸೆಪ್ಟೆಂಬರ್ 24

ಲೋಕಮ್ಮನ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಏರಿದೆ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಟೆಸ್ಟ್. ಆಗಲೂ ಹೀಗೇ ಇದ್ದರೆ ಔಷಧಿ ಬದಲಿಸಬೇಕು, ಶಿವಮೊಗ್ಗಕ್ಕೆ ಕಳಿಸಬೇಕು, ಮನೆಯವರೊಬ್ಬರು ಜೊತೆಗೆ ಬರಬೇಕು ಎಂದರು ಡಾಕ್ಟರ್. ಮನೆಯವರು ಎಂದರೆ ಮೈದುನ. ಗೊತ್ತಾದರೆ ಆ ಮನೆಯಲ್ಲಿ ಜಾಗವಿಲ್ಲ.

ಕೂರಿಸಿ ಕೇಳಿದೆ. ಆಗಸ್ಟಿನಲ್ಲಿ ದಾಯಾದಿಗಳ ಮನೆಯಲ್ಲಿ ಸಾವು. ಅದು ಕಳೆಯುತ್ತಲೇ ಇನ್ನೊಂದು ಮನೆಯಲ್ಲಿ ಹೆರಿಗೆ.

"ಸೂತಕದಾಗೆ ದೀಪ ಎಲ್ಲಿ ಹಚ್ತಾರೆ ಅಕ್ಕೋರೆ? ದೀಪ ಹಚ್ಲಿಲ್ಲ, ಗುಳಿಗೆ ನೆನಪಾಗ್ಲಿಲ್ಲ. ನೀವೇ ಹಂಗೆ ಕಲ್ಸಿದ್ದಲ್ಲ."

ಬೈಗುಳವಾಗಿರಲಿಲ್ಲ. ಇದ್ದದ್ದನ್ನು ಹೇಳಿದರು. ಅವರ ನೆನಪು ನಾನು ಕಲಿಸಿದ ಹಾಗೆಯೇ ನಡೆದಿತ್ತು.

ಲಿಂಗಾಯತರಾದ ನಮ್ಮಲ್ಲಿ ಸೂತಕವಿಲ್ಲ. ನನ್ನ ಯಜಮಾನರು ತೀರಿಕೊಂಡ ಸಂಜೆಯೂ ಪೂಜೆ ಮಾಡಿ ಮಾತ್ರೆ ನುಂಗಿದ್ದೆ. ಎಲ್ಲರ ಮನೆಯೂ ಹೀಗೇ ಎಂದುಕೊಂಡೆನೇ? ಹಾಗೆಂದುಕೊಂಡೂ ಇರಲಿಲ್ಲ... ಯೋಚಿಸಿಯೇ ಇರಲಿಲ್ಲ. ಕೇಳದೆ ಹೇಳಿದ್ದೆ.

ಸಾವು, ಹುಟ್ಟು ಯಾವುದಕ್ಕೂ ನಿಲ್ಲದ ಕೆಲಸ ನಿಮ್ಮ ಮನೆಯಲ್ಲಿ ಯಾವುದು ಎಂದೆ.

"ಎಮ್ಮೆಗೆಂತ ಸೂತಕ? ಹೆಣ ಅಂಗಳದಾಗಿದ್ರೂ ಕೆಚ್ಚಲು ಬಿಗೀತದೆ."

ಸಂಜೆ ಹಾಲು ಕರೆದು, ಕೊಟ್ಟಿಗೆಯಲ್ಲೇ ಮಾತ್ರೆ. ಅಲ್ಲಿ ಯಾರೂ ನೋಡುವುದಿಲ್ಲವಂತೆ. ಮತ್ತೆ ಕಣ್ಣು ಮುಚ್ಚಿಸಿ ಹೇಳಿಸಿದೆ: ಚೆಂಬು, ಕೆಚ್ಚಲು, ಹಾಲು, ಮಾತ್ರೆ. ನನ್ನ ಸ್ವರದಲ್ಲಿ ಮೊದಲಿನ ಧೈರ್ಯ ಇರಲಿಲ್ಲ.

ಡಿಸೆಂಬರ್ 17

ರಕ್ತ ಕೊಟ್ಟು ಹೋದರು. ತಪ್ಪಿಸಿಲ್ಲ ಅಂದರು. ಜುಲೈಯಲ್ಲೂ ಅಂದಿದ್ದರು, ಅದೂ ನಿಜವೇ ಆಗಿತ್ತು.

ಡಿಸೆಂಬರ್ 31

ಲೋಕಮ್ಮನ ವೈರಲ್ ಲೋಡ್ ಇಳಿದಿದೆ. ಅದೇ ಔಷಧಿ ಸಾಕು, ಶಿವಮೊಗ್ಗ ಬೇಡ. ಹೇಳಿದಾಗ ಲೋಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು, ಬಹಳ ಹೊತ್ತು.

ಬಸ್‌ಸ್ಟ್ಯಾಂಡ್‌ವರೆಗೂ ಜೊತೆಗೆ ಹೋದೆ. ಎಮ್ಮೆ ಗಬ್ಬವಂತೆ. ಹಾಲು ಬತ್ತುತ್ತಾ ಬಂದಿದೆ, ಸಂಕ್ರಾಂತಿ ಹೊತ್ತಿಗೆ ಕರೆಯುವುದು ನಿಲ್ಲುತ್ತದೆ. ಹಾಗಾದರೆ ಇನ್ನು ಹೀಗೆ ಮಾಡಿ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. ನಿಮಗೇನು ತೋಚುತ್ತದೆ ಎಂದು ಕೇಳಿದೆ.

"ಬತ್ತಿದ ಎಮ್ಮೆಗೂ ಹುಲ್ಲು ಹಾಕ್ಬೇಕಲ್ಲ ಅಕ್ಕೋರೆ" ಎಂದು ಬಸ್ಸು ಹತ್ತಿದರು.

ಹೌದಲ್ಲ. ಅವರಿಗೆ ಹುಲ್ಲು ಇದೆ. ನನ್ನ ಪೂಜೆ ಎಂದಾದರೂ ಒಂದು ದಿನ ನಿಂತರೆ, ಮಾತ್ರೆ ನೆನಪಿಸಲು ನನಗೆ ಯಾವುದು —