ಎಡಗಡೆ ಖಾಲಿ

ಕಿಸಾಬುರೊ ಅಣ್ಣನಿಗೆ,

ಈ ಪತ್ರವನ್ನು ನಿನಗಿಂತ ಮೊದಲು ಜೈಲಿನ ಅಧಿಕಾರಿಯೊಬ್ಬರು ಓದುತ್ತಾರಂತೆ. ಓದಲಿ ಬಿಡು. ಬರೆದವಳು ಯಾರೆಂದು ಅವರಿಗೂ ತಿಳಿಯಲಿ. ನಾನು ನಿನ್ನ ಪಕ್ಕದ ಮನೆಯ ಮಾಸುಯೊ. ನಿನ್ನ ವ್ಯಾನು ಬಡಿದು ಸತ್ತ ಯೊಶಿನೊ ನನ್ನ ಒಡಹುಟ್ಟಿದ ಅಕ್ಕ. ಅದೇ ವ್ಯಾನಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ನಿನಗೆ ಎಡಗಣ್ಣಾಗಿದ್ದವಳೂ ನಾನೇ. ಪಕ್ಕದ ಮನೆಯವಳಿಗೆ ನಿನ್ನ ಮೇಲೆ ಕನಿಕರ ಬಂದರೆ ಯೊಶಿನೊಳ ತಂಗಿಗೆ ಮೈ ಉರಿಯುತ್ತದೆ. ಇಬ್ಬರ ಜಗಳ ಮುಗಿಯದೆ ಇಷ್ಟು ದಿನ ನಿನಗೆ ಒಂದು ಸಾಲೂ ಬರೆಯಲಾಗಲಿಲ್ಲ.

ಇವತ್ತು ಬರೆಯುವುದಕ್ಕೆ ಕಾರಣವಿದೆ. ನನ್ನ ಲೈಸೆನ್ಸನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬಂದೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ ಅನ್ನಿಸಿತು.

ವಯಸ್ಸಾಯಿತು, ಇನ್ನು ಓಡಿಸುವುದಿಲ್ಲ ಎಂದು ನಮ್ಮೂರು ಕುರೊತಾನಿಯಲ್ಲಿ ಮೊದಲು ಲೈಸೆನ್ಸು ಒಪ್ಪಿಸಿದವಳು ಅಕ್ಕ. ಗದ್ದೆಯ ಬದುವಿಗೆ ಕಾರಿನ ಮೂತಿ ತಾಗಿಸಿದ ಮರುದಿನವೇ ಹೋಗಿ ಕೊಟ್ಟುಬಂದಳು. ಠಾಣೆಯವರು ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ತೀರಿಹೋದ ಬಾವನ ಫೋಟೋದ ಪಕ್ಕಕ್ಕೆ ತೂಗುಹಾಕಿ, ದಿನಾ ಇಬ್ಬರಿಗೂ ಸೇರಿಸಿ ಊದುಬತ್ತಿ ಹಚ್ಚುತ್ತಿದ್ದಳು. ಅವಳನ್ನು ನೋಡಿ, ನೀನೂ ನಾನೂ ಬಿಟ್ಟು ಊರಿನವರೆಲ್ಲ ಒಬ್ಬೊಬ್ಬರಾಗಿ ಹೋದರು. ಒಪ್ಪಿಸಿ ಬಂದವರಿಗೆಲ್ಲ ಊರಿನ ಮುಖಂಡ ಗೆನ್‌ಜೊ ಚಪ್ಪಾಳೆ ತಟ್ಟಿಸುತ್ತಿದ್ದ. ಅಷ್ಟರಲ್ಲಿ ಊರೊಳಗೆ ಬರುವ ಬಸ್ಸು ನಿಂತುಹೋಯಿತು. ಹತ್ತುವವರಿಲ್ಲ ಎಂದು ಬಸ್ಸಿನವರು ನಿಲ್ಲಿಸಿದರು, ಹತ್ತಬೇಕಾದವರು ನಿನ್ನ ವ್ಯಾನು ಹತ್ತಿದರು.

ನೀನೂ ಒಪ್ಪಿಸಬೇಕಾದವನೆಂದು ಯಾರಿಗೂ ಅನ್ನಿಸಲಿಲ್ಲ ಅಣ್ಣ. ವಯಸ್ಸಿನಲ್ಲಿ ಊರಿಗೆಲ್ಲ ದೊಡ್ಡವನು ನೀನು. ಎಡಗಣ್ಣಿಗೆ ಪರದೆ ಇಳಿದಿದೆ, ಇನ್ನು ಓಡಿಸಬೇಡಿ ಎಂದು ಡಾಕ್ಟರು ಹೇಳಿದ ವಾರ ನೀನು ಒಗೆದ ಕೋಟು ಹಾಕಿಕೊಂಡು ಠಾಣೆಗೆ ಹೊರಟಿದ್ದೆ. ಗೆನ್‌ಜೊ ನಾಲ್ಕು ಜನರನ್ನು ಕಟ್ಟಿಕೊಂಡು ಉಪ್ಪಿನ ಮೂಲಂಗಿ ತಟ್ಟೆಯೊಂದಿಗೆ ನಿನ್ನ ಜಗಲಿಗೆ ಬಂದು ಕೂತ. "ಕಿಸಾಬುರೊ ಅಣ್ಣ, ನೀನೂ ಕೊಟ್ಟುಬಿಟ್ರೆ ಕಿನುಯೆ ಆಸ್ಪತ್ರೆಗೆ ಹೋಗೋದು ಹೇಗೆ? ಕಿಡ್ನಿ ಕೆಟ್ಟಿದೆ, ವಾರಕ್ಕೆ ಮೂರು ಸಲ ರಕ್ತ ತೊಳೆಸ್ಬೇಕು ಅವಳಿಗೆ. ಒಂದು ಸಲ ತಪ್ಪಿದ್ರೂ ಅವಳು ಉಳಿಯಲ್ಲ." ಕಿನುಯೆ ಅಲ್ಲೇ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನೀನು ತಣ್ಣಗಾದ ಚಹಾ ಕುಡಿದು ಮುಗಿಸಿದೆ. ಆಮೇಲೆ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದೆ.

ಹಾಗೆ ಪಕ್ಕದ ಸೀಟು ನನ್ನದಾಯಿತು. ತಿರುವು ಬಂದಾಗೆಲ್ಲ ನಾನು ಕಿಟಕಿಗೆ ಮುಖ ಅಂಟಿಸಿ "ಎಡಗಡೆ ಖಾಲಿ" ಅನ್ನಬೇಕು, ನೀನು "ಹೂಂ" ಅನ್ನಬೇಕು, ಆಮೇಲೆ ಚಕ್ರ ತಿರುಗಬೇಕು. ನನ್ನ ಗಂಡನ ಜೊತೆಯೂ ನಾನು ಇಷ್ಟು ಮಾತಾಡಿರಲಿಲ್ಲ. ಹಿಂದೆ ಕೂತವರು ನಗುತ್ತಿದ್ದರು. ಗೆನ್‌ಜೊ ಅಂತೂ "ಇವರಿಬ್ಬರಿಗೂ ಸೇರಿಸಿ ಒಂದೇ ಲೈಸೆನ್ಸ್ ಕೊಟ್ರೆ ಸಾಕಿತ್ತು" ಅನ್ನುತ್ತಿದ್ದ. ನಿನ್ನ ಎಡಗಣ್ಣು ಕಾಣದೆಂದು ಎಲ್ಲರಿಗೂ ಗೊತ್ತಿತ್ತು. ಕೋರ್ಟಿನಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾನು ಎದ್ದು ನಿಂತು ಹೇಳಿದಾಗ ಗೆನ್‌ಜೊ ತನ್ನ ಟೊಪ್ಪಿಯ ಒಳಗನ್ನು ನೋಡುತ್ತ ಕೂತಿದ್ದ.

ಅಕ್ಕ ಒಬ್ಬಳು ಮಾತ್ರ ನಿನ್ನ ವ್ಯಾನು ಹತ್ತುತ್ತಿರಲಿಲ್ಲ. "ಮೂರು ಕಣ್ಣು, ಎರಡು ಬಾಯಿ, ಒಂದು ಸ್ಟಿಯರಿಂಗು. ಇದಕ್ಕೆ ಹತ್ತೋಕೆ ನಂಗೇನು ಗ್ರಹಚಾರ?" ಅನ್ನುತ್ತಿದ್ದಳು. ನೀನು ಬೇಜಾರು ಮಾಡಿಕೊಳ್ಳದೆ "ನಿನ್ನ ನಾಲಿಗೆಗೂ ಒಂದು ಲೈಸೆನ್ಸ್ ಇತ್ತಲ್ಲ, ಅದನ್ನ ಯಾವಾಗ ಒಪ್ಪಿಸ್ತೀಯ?" ಅಂದಿದ್ದೆ. ಅವಳು ಬಿದ್ದು ಬಿದ್ದು ನಕ್ಕಿದ್ದಳು. ಪುಟ್ಟ ತಳ್ಳುಗಾಡಿ ತಳ್ಳಿಕೊಂಡು, ಸಾಮಾನು ಮಾರುವ ಲಾರಿ ನಿಲ್ಲುವ ದೊಡ್ಡ ರಸ್ತೆಯವರೆಗೆ ನಡೆದೇ ಹೋಗುತ್ತಿದ್ದಳು. ನಿನ್ನನ್ನು ಕಂಡರೆ ಆಗದೆ ಅಲ್ಲ. ಆ ಮುದುಕನ ಹೆಗಲ ಮೇಲೆ ಇನ್ನೊಂದು ಮೂಟೆ ಯಾಕೆ ಎಂದು ನನ್ನ ಹತ್ತಿರ ಹೇಳಿದ್ದಳು. ಇದನ್ನು ನಾನು ಕೋರ್ಟಿನಲ್ಲಿ ಹೇಳಲಿಲ್ಲ, ನಿನಗೊಬ್ಬನಿಗೇ ಹೇಳುತ್ತಿದ್ದೇನೆ.

ಆ ದಿನ ಕಿನುಯೆಗೆ ವಾಕರಿಕೆ. "ಮುಂದೆ ಕೂತ್ಕೊಳ್ಲಾ ಮಾಸುಯೊ? ಗಾಳಿ ಬೇಕು ಅನ್ನಿಸ್ತಿದೆ" ಅಂದಳು. ರಕ್ತ ತೊಳೆಸಿಕೊಂಡು ಬಂದವಳ ಮುಖ ಬೂದಿಯಾಗಿತ್ತು, ಇಲ್ಲ ಅನ್ನುವುದು ಹೇಗೆ? ನಾನು ಹಿಂದೆ ಗೆನ್‌ಜೊನ ಪಕ್ಕ ಕೂತೆ. ತಿರುವು ಬಂದಾಗೆಲ್ಲ ಅವಳು ಚೆನ್ನಾಗಿಯೇ ಹೇಳಿದಳು. ದೇವದಾರು ತೋಪಿನ ತಿರುವಿನಲ್ಲಿ ಎದುರಿಗೆ ಮರದ ದಿಮ್ಮಿಯ ಲಾರಿ ಬಂತು. ಅಷ್ಟು ಭಾರ ಹೊತ್ತ ಲಾರಿಯನ್ನು ಆ ಹುಡುಗ ನಮಗಾಗಿ ಹಿಂದಕ್ಕೆ ಓಡಿಸಿ, ಬದಿಗೆ ಒತ್ತಿಸಿ, ಹೋಗಿ ಎಂದು ಕೈ ಮಾಡಿದ. ನೀನು ಎಡಕ್ಕೆ ಸರಿದು ನಿಧಾನವಾಗಿ ದಾಟಿದೆ.

ದಾರಿ ಬಿಟ್ಟವರಿಗೆ ತಲೆ ಬಾಗಿಸಬೇಕು. ನಡೆಯಲು ಕಲಿತಾಗಲೇ ನಮ್ಮ ಕತ್ತಿಗೆ ಅದನ್ನೂ ಕಲಿಸಿರುತ್ತಾರೆ. ಕಿನುಯೆ ಬಾಗಿದಳು, ಅವಳದ್ದು ಯಾವಾಗಲೂ ಉಳಿದವರಿಗಿಂತ ಆಳ. ನೀನು ಬಾಗಿದೆ. ಗೆನ್‌ಜೊ ಬಾಗಿದ, ನಾನೂ ಬಾಗಿದೆ. ನಾವು ತಲೆ ಎತ್ತುವ ಮೊದಲೇ ಆ ಸದ್ದು. ಅಷ್ಟು ದೊಡ್ಡದೇನೂ ಅಲ್ಲ. "ಏನೋ ತಾಗ್ತು" ಅಂದೆ ನೀನು. ಅಕ್ಕನ ತಳ್ಳುಗಾಡಿ ಚರಂಡಿಯಲ್ಲಿ ಮಗುಚಿ ಬಿದ್ದಿತ್ತು, ಅದರಿಂದ ಉರುಳಿದ ಪರ್ಸಿಮನ್ ಹಣ್ಣೊಂದು ರಸ್ತೆಯ ನಡುವೆ ನಿಂತಿತ್ತು. ಅಕ್ಕ ಚರಂಡಿಗಿಂತ ಕೆಳಗೆ, ಬೇಲಿಯ ಆಚೆ ಬಿದ್ದಿದ್ದಳು. ಲಾರಿಯ ಹುಡುಗ ಕೋರ್ಟಿನಲ್ಲಿ ಅಳುತ್ತಲೇ ಹೇಳಿದ: "ನಾನು ಹಾರ್ನ್ ಹೊಡ್ಯೋ ಅಷ್ಟರಲ್ಲಿ ಆಗೋಯ್ತು. ಅವರೆಲ್ಲ ನಂಗೆ ನಮಸ್ಕಾರ ಮಾಡ್ತಾ ಇದ್ರು."

ಶಿಕ್ಷೆಯ ಬಗ್ಗೆ ನಿಮಗೇನು ಅನ್ನಿಸುತ್ತದೆ ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು. ನೀನೇ ನನ್ನ ಕಡೆ ತಿರುಗಿ "ನಂಗೆ ಶಿಕ್ಷೆ ಆಗಲಿ ಮಾಸುಯೊ. ಇಲ್ದಿದ್ರೆ ಇವರು ಮತ್ತೆ ನನ್ನ ಕೈಗೇ ಕೀಲಿ ಕೊಡ್ತಾರೆ" ಅಂದೆ. ಮುದುಕನಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಯಾರೋ ಪಿಸುಗುಟ್ಟಿದರು. ನನಗೆ ಗೊತ್ತಿತ್ತು, ಅಲ್ಲಿ ನೆಟ್ಟಗಿದ್ದದ್ದು ಅದೊಂದೇ.

ನಿನ್ನ ಮಾತೇ ನಿಜವಾಯಿತು, ಕೀಲಿ ಮಾತ್ರ ನನ್ನ ಕಡೆ ಬಂತು. ನನ್ನ ಲೈಸೆನ್ಸಿಗೆ ಚಿನ್ನದ ಗೆರೆ ಇದೆಯಲ್ಲ, ಒಂದೂ ತಪ್ಪು ಮಾಡದವರಿಗೆ ಕೊಡುವುದು. ಗಂಡ ಹೋದಮೇಲೆ ನಾನು ಸ್ಟಿಯರಿಂಗ್ ಮುಟ್ಟಿಲ್ಲ, ಅದಕ್ಕೇ ತಪ್ಪೂ ಮಾಡಿಲ್ಲ. ನೀನು ಜೈಲಿಗೆ ಹೋದಮೇಲೆ ಕಿನುಯೆಯನ್ನು ಪಟ್ಟಣದಿಂದ ಅವಳ ಸೋದರಳಿಯ ಬಂದು ಕರೆದೊಯ್ಯುತ್ತಿದ್ದ. ಹೋದ ತಿಂಗಳು ಅವನಿಗೂ ದೂರದೂರಿಗೆ ವರ್ಗದ ಆದೇಶ ಬಂತು. ಮರುದಿನವೇ ಗೆನ್‌ಜೊ ನಾಲ್ಕು ಜನರೊಂದಿಗೆ ನನ್ನ ಜಗಲಿಗೆ ಬಂದ. ಅದೇ ತಟ್ಟೆ, ಅದೇ ಉಪ್ಪಿನ ಮೂಲಂಗಿ.

"ಸರ್ಕಾರವೇ ಚಿನ್ನದ ಗೆರೆ ಎಳೆದು ಕೊಟ್ಟಿದೆ, ನಿಂದೇನಮ್ಮ ರಗಳೆ?"

"ಅಡುಗೆ ಮಾಡದವಳು ಅನ್ನ ಸೀಯಿಸೋದು ಹೇಗೆ ಗೆನ್‌ಜೊ?"

"ನಿಧಾನಕ್ಕೆ ಓಡಿಸು. ನಾವೆಲ್ಲ ಇರ್ತೀವಲ್ಲ, ನೋಡ್ಕೋತೀವಿ."

ನೋಡ್ಕೋತೀವಿ ಅಂದನಲ್ಲ, ಆಗ ನನಗೆ ತಡೆಯಲಿಲ್ಲ. ತಟ್ಟೆಯನ್ನು ಅವನ ಕೈಗೇ ವಾಪಸು ಕೊಟ್ಟೆ. ಲೈಸೆನ್ಸು ಕೊಟ್ಟು ಚಪ್ಪಾಳೆ ತಟ್ಟಿಸಿಕೊಂಡವರು ನೀವು, ಒಬ್ಬ ಕುರುಡನನ್ನು ಡ್ರೈವರ್ ಮಾಡಿ ಹಿಂದಿನ ಸೀಟಿನಲ್ಲಿ ಕೂತು ನಕ್ಕವರೂ ನೀವು, ಇನ್ನು ನನ್ನ ಸರದಿಯೋ ಎಂದು ಕೇಳಿದೆ. ಹೋಗುವಾಗ ಚಪ್ಪಲಿ ಹುಡುಕುತ್ತ ಗೆನ್‌ಜೊ ಇಷ್ಟು ಅಂದ: "ಹಾಗಾದ್ರೆ ಕಿನುಯೆಗೆ ನೀನೇ ಹೇಳು."

ಅಣ್ಣ, ಇಲ್ಲಿ ನನ್ನ ಮಾತು ತಡವರಿಸುತ್ತದೆ. ನಾನು ಒಪ್ಪದೆ ಇದ್ದದ್ದು ಓಡಿಸದಿರುವುದೇ ಸರಿಯೆಂದೋ, ಅಕ್ಕ ಬೀಳುವಾಗ ಎಡಗಡೆ ಕೂತಿದ್ದವಳು ಕಿನುಯೆ ಎಂದೋ? ರಾತ್ರಿ ಒಂದು ಅನ್ನಿಸುತ್ತದೆ, ಬೆಳಗ್ಗೆ ಇನ್ನೊಂದು. ಹೇಳುವ ಕೆಲಸ ನನಗೆ ಬರಲಿಲ್ಲ, ಅವಳೇ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಸ್ಪತ್ರೆ ಪಕ್ಕದ ವೃದ್ಧಾಶ್ರಮದಲ್ಲಿ ಜಾಗ ಕೇಳಿದ್ದೀನಿ. ನನಗೋಸ್ಕರ ನೀನು ಓಡಿಸ್ಬೇಡ" ಅಂದಳು. ತಿರುಗಿ ಹೊರಟವಳು ಮತ್ತೆ ಅಂದಳು: "ಹೋಗೋಕೆ ನಂಗೆ ಇಷ್ಟ ಇಲ್ಲ ಮಾಸುಯೊ. ಇದನ್ನ ಯಾರಿಗಾದ್ರೂ ಒಬ್ಬರಿಗೆ ಹೇಳ್ಬೇಕಿತ್ತು, ಅಷ್ಟೆ." ಒಳಗೆ ಬಾ ಅನ್ನಬೇಕಿತ್ತು. ಕೈಯಲ್ಲಿದ್ದ ಪಾತ್ರೆಯನ್ನು ಉಜ್ಜುತ್ತಲೇ ನಿಂತೆ.

ಕಳೆದ ವಾರ ಆಶ್ರಮದ ಕಾರು ಬಂದು ಅವಳನ್ನು ಕರೆದುಕೊಂಡು ಹೋಯಿತು. ಕಿಟಕಿಯೊಳಗಿಂದ ಪ್ರತಿ ಮನೆಗೂ, ಬೀಗ ಹಾಕಿದ ನಿನ್ನ ಮನೆಗೂ ತಲೆ ಬಾಗಿಸುತ್ತ ಹೋದಳು. ಅಲ್ಲಿ ಊಟಕ್ಕೆ ಉಪ್ಪೇ ಇರುವುದಿಲ್ಲವಂತೆ. ಗೋಡೆಯ ಕಡೆ ತಿರುಗಿ ಮಲಗಿರುತ್ತಾಳಂತೆ.

ಅದು ಕೇಳಿದ ಮೇಲೆ ಲೈಸೆನ್ಸನ್ನು ಮನೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಇದ್ದರೆ ನಾಳೆ ಇನ್ನೊಬ್ಬರು ಜಗಲಿಗೆ ಬರುತ್ತಾರೆ, ಇನ್ನೊಂದು ತಟ್ಟೆ ಬರುತ್ತದೆ, ಯಾವುದೋ ಒಂದು ದಿನ ನಾನೂ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸುತ್ತೇನೆ. ಅಕ್ಕನ ತಳ್ಳುಗಾಡಿ ಹಿಡಿದು ದೊಡ್ಡ ರಸ್ತೆಯವರೆಗೆ ನಡೆದೆ, ಅಲ್ಲಿಂದ ಪಟ್ಟಣದ ಬಸ್ಸು. ಠಾಣೆಯಲ್ಲಿ ಎಳೆಯ ಪೊಲೀಸನೊಬ್ಬ ಎದ್ದು ನಿಂತು, "ಇಷ್ಟು ವರ್ಷ ಒಂದೂ ಅಪಘಾತವಿಲ್ಲ. ನಿಮ್ಮಂಥವರು ಎಲ್ಲರಿಗೂ ಮಾದರಿ" ಎಂದು ಎರಡೂ ಕೈಯಲ್ಲಿ ಪ್ರಮಾಣಪತ್ರ ಕೊಟ್ಟ. ತಗೊಂಡೆ. ಅದಕ್ಕೆ ಕಟ್ಟು ಹಾಕಿಸುವುದಿಲ್ಲ.

ಹಿಂದಿರುಗುವಾಗ ದೇವದಾರು ತೋಪಿನ ತಿರುವಿನಲ್ಲಿ ಎದುರಿಗೆ ಒಂದು ಪುಟ್ಟ ಕಾರು ಬಂತು. ಮುದುಕರು ಓಡಿಸುವ ಗಾಡಿಗೆ ಅಂಟಿಸುವ ನಾಲ್ಕೆಲೆಯ ಚೀಟಿ ಅದರ ಮೂತಿಯ ಮೇಲಿತ್ತು. ಯಾವ ಊರಿನವನೋ, ಯಾರನ್ನು ಎಲ್ಲಿಂದ ಕರೆತರಲು ಹೊರಟಿದ್ದನೋ. ನನ್ನನ್ನು ಕಂಡು ನಿಲ್ಲಿಸಿ, ಮೊದಲು ನೀನು ಹೋಗಮ್ಮ ಎಂದು ಕೈ ಮಾಡಿದ. ನಾನು ಅವನ ಎರಡು ಕಣ್ಣುಗಳನ್ನೂ ನೋಡುತ್ತ, ಗಾಡಿ ತಳ್ಳಿಕೊಂಡು ಅವನನ್ನು ಪೂರ್ತಿ ದಾಟಿದೆ. ಎಂಥ ಮರ್ಯಾದೆ ಇಲ್ಲದ ಮುದುಕಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ನಾನು ತಲೆ ಬಾಗಿಸಲಿಲ್ಲ.

ಅಲ್ಲಿ ಚಳಿ ಜಾಸ್ತಿಯಂತೆ, ಮೊಣಕಾಲು ಬೆಚ್ಚಗಿಟ್ಟುಕೋ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತಿದ್ದೆ, ಆ ಮಾತು ಇವತ್ತೂ ಬರಲಿಲ್ಲ. ಬಂದ ದಿನ ಇನ್ನೊಂದು ಕಾಗದ ಹಾಕುತ್ತೇನೆ. ಅಲ್ಲಿಯವರೆಗೆ ಗೋಡೆ ಹಿಡಿದು ನಡೆ ಅಣ್ಣ, ನಿನ್ನ ಎಡಗಡೆ ಈಗ ಯಾರೂ ಇಲ್ಲ.

ಮಾಸುಯೊ